ಸಿದ್ದಾಪುರದಿಂದ ವಜ್ರಳ್ಳಿಗೆ ಕೋವಿ ತಂದ ದಿನ

ಬೆಳಿಗ್ಗೆ ಹತ್ತೂವರೆಗೆ ಸಿದ್ದಾಪುರ ಠಾಣೆಯಲ್ಲಿ ನಮ್ಮ ಕೋವಿ ನನ್ನ ಕೈಗೆ ಬಂತು. ಚುನಾವಣೆ ಘೋಷಣೆಯಾದಾಗ ಉಳಿದ ಲೈಸೆನ್ಸುದಾರರಂತೆ ನಾನೂ ಅದನ್ನು ಅಲ್ಲಿ ಒಪ್ಪಿಸಿ ರಸೀದಿ ತೆಗೆದುಕೊಂಡಿದ್ದೆ. ಫಲಿತಾಂಶ ಬಂದು ಒಂದು ವಾರವಾದ ಮೇಲೆ ವಾಪಸ್ ಒಯ್ಯಬಹುದೆಂದು ಫೋನ್ ಬಂತು. ದಾಖಲೆ ಬರೆಯುವ ರೈಟರು ನಳಿಗೆಯ ಮೇಲಿನ ನಂಬರನ್ನು ಲೈಸೆನ್ಸ್ ಪುಸ್ತಕದ ಜೊತೆ ಎರಡು ಸಲ ತಾಳೆ ನೋಡಿ, ಐದು ತೋಟಾಗಳನ್ನು ಎಣಿಸಿ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು.

ಒಂಟಿ ನಳಿಗೆಯ ಹಳೆಯ ಕೋವಿ ಅದು. ಬೆಳೆ ರಕ್ಷಣೆಗೆಂದು ಮಾವನ ಕಾಲದಲ್ಲಿ ಕೊಂಡದ್ದು. ನನ್ನ ಗಂಡನಿಗೆ ಬಲಗಣ್ಣು ಮಂದವಾದ ಮೇಲೆ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿಸಿದೆವು. ಮಂಗನ ಹಿಂಡು ಬಂದಾಗ ಗಾಳಿಯಲ್ಲಿ ಒಂದು ಈಡು ಹಾರಿಸಿ ಓಡಿಸುವುದು ಬಿಟ್ಟರೆ ನಾನು ಅದರಿಂದ ಬೇರೇನೂ ಮಾಡಿದವಳಲ್ಲ. ಎರಡು ವರ್ಷದ ಹಿಂದೆ ನಾವು ಸಿದ್ದಾಪುರ ಕಡೆಯ ಜಮೀನು ಬಿಟ್ಟು ವಜ್ರಳ್ಳಿಗೆ ಬಂದೆವು. ಲೈಸೆನ್ಸಿನ ವಿಳಾಸ ಬದಲಾಗಿ ಬರುವ ಮೊದಲೇ ಚುನಾವಣೆ ಬಂದು, ಕೋವಿಯನ್ನು ಹಳೆಯ ಠಾಣೆಯಲ್ಲೇ ಒಪ್ಪಿಸಬೇಕಾಯಿತು. ಹಾಗಾಗಿ ಈಗ ಕೋವಿಯನ್ನು ಸಿದ್ದಾಪುರದಲ್ಲಿ ಪಡೆದು, ಸಿರ್ಸಿಯ ಮೇಲೆ ಹಾದು, ಸಂಜೆಯೊಳಗೆ ಯಲ್ಲಾಪುರ ಠಾಣೆಯಲ್ಲಿ ತೋರಿಸಿ ನಮೂದು ಮಾಡಿಸಿ, ಆಮೇಲೆ ಮನೆಗೆ ಒಯ್ಯಬೇಕಿತ್ತು.

"ಕೋವಿ ಒಂದು ಕಡೆ ಇರ್ಲಿ, ತೋಟಾ ಒಂದು ಕಡೆ ಇರ್ಲಿ ಅಮ್ಮಾ," ಎಂದರು ರೈಟರು. "ಕಾಗದ ಕೈಗೆ ಸಿಗೂ ಹಾಗೆ ಇಟ್ಕೊಳ್ಳಿ. ದಾರಿ ಮೇಲೆ ಯಾರಿಗೂ ತೋರಿಸೂಕೆ ಹೋಗಬೇಡಿ."

ಜೊತೆಗೆ ನನ್ನ ಮೈದುನ ವಿನಾಯಕ ಬಂದಿದ್ದ. ಯಲ್ಲಾಪುರದಲ್ಲಿ ಮನೆ ಮಾಡಿಕೊಂಡು ಮದುವೆ, ಉಪನಯನಗಳಿಗೆ ಅಡುಗೆ ಮಾಡುವವನು. ನಲವತ್ತೈದರ ಆಳು, ದೊಡ್ಡ ಮೈ, ಸಣ್ಣ ದನಿ. ಹಿಂದಿನ ದಿನ ಇಬ್ಬರೂ ನಮ್ಮ ಹಳೆಯ ವ್ಯಾನಿನಲ್ಲಿ ಸಿದ್ದಾಪುರಕ್ಕೆ ಬಂದು ನೆಂಟರ ಮನೆಯಲ್ಲಿ ಉಳಿದಿದ್ದೆವು. ವ್ಯಾನು ಓಡಿಸುವುದು ನಾನೇ. ಅವನಿಗೆ ಒಗ್ಗರಣೆ ಸೌಟು ಬಿಟ್ಟರೆ ಬೇರೆ ಯಾವ ಹಿಡಿಕೆಯೂ ಒಗ್ಗುವುದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಕೋವಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮೂರು ಕಡೆ ಹಗ್ಗ ಬಿಗಿದು, ಹಿಂದಿನ ಸೀಟಿನ ಮೇಲೆ ಮಲಗಿಸಿದೆವು. ತೋಟಾಗಳು ನನ್ನ ಕೈಚೀಲದಲ್ಲಿ, ಖಾಲಿಯಾದ ಊಟದ ಡಬ್ಬಿಯ ಕೆಳಗೆ.

ಸಿದ್ದಾಪುರದಿಂದ ಸಿರ್ಸಿಗೆ ಮೂವತ್ತೇಳು ಕಿಲೋಮೀಟರ್. ಮಳೆ ಒಂದೆರಡು ಸಲ ಬಂದು ನಿಂತಿತ್ತು. ಮೋಡ ಕವಿದಿದ್ದರೂ ಗಾಳಿಯಿಲ್ಲದೆ ಮೈಯೆಲ್ಲ ಬೆವರು. ಕಾನಸೂರಿನಲ್ಲಿ ಚಹಾಕ್ಕೆ ನಿಲ್ಲಿಸೋಣ ಎಂದು ವಿನಾಯಕ ಕೇಳಿದ. ನಾನು ಬೇಡವೆಂದೆ. ಕೋವಿ ಇರುವ ಗಾಡಿಯನ್ನು ಅಲ್ಲಲ್ಲಿ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. ಸಿರ್ಸಿಯಲ್ಲಿ ಮಾತ್ರ ನಿಲ್ಲಿಸಿದೆವು. ಅಲ್ಲೂ ಒಬ್ಬರು ಗಾಡಿಯಲ್ಲಿ ಕೂತು ಇನ್ನೊಬ್ಬರು ಹೋಟೆಲಿಗೆ ಊಟಕ್ಕೆ ಹೋದೆವು. ಮೊದಲು ಅವನು, ಆಮೇಲೆ ನಾನು. ಅನ್ನ, ಬಸಳೆ ಹುಳಿ, ಮಜ್ಜಿಗೆ. ಊಟ ಚೆನ್ನಾಗಿತ್ತು. ಆದರೆ ಕಿಟಕಿಯಿಂದ ಗಾಡಿ ಕಾಣುವ ಜಾಗದಲ್ಲೇ ಕೂತು ಉಂಡೆ.

ತಿರುಗಿ ಬಂದಾಗ ವಿನಾಯಕ ಬಾಗಿಲಿಗೆ ಆತು ಕೂತಿದ್ದ. ತಾನಾಗಿಯೇ ಒಂದು ಸಂಗತಿ ಹೇಳಿದ. ಹೋದ ತಿಂಗಳು ಪೇಟೆಯಲ್ಲಿ ಬೈಕ್ ಅಡ್ಡ ನಿಲ್ಲಿಸಿದ್ದಾನೆಂದು ಯಾರೋ ಅವನ ಕೆನ್ನೆಗೆ ಹೊಡೆದಿದ್ದರಂತೆ. ಬೈಕ್ ಅವನದಾಗಿರಲಿಲ್ಲ. ನಾಲ್ಕು ಜನ ಪರಿಚಯದವರು ನಿಂತು ನೋಡಿದ್ದರಂತೆ.

"ಆನು ಎಂತದೂ ಮಾಡಿದ್ನಿಲ್ಲೆ ಅತ್ಗೆ. ಸುಮ್ನೆ ಮನೆಗೆ ಬಂದಿ," ಎಂದ. "ಅವತ್ತಿಂದ ರಾತ್ರಿ ನಿದ್ದೆ ಬತ್ತಿಲ್ಲೆ."

ಗಾಡಿ ಶುರು ಮಾಡಿದೆ.

ಸಿರ್ಸಿಯಿಂದ ಯಲ್ಲಾಪುರಕ್ಕೆ ಐವತ್ತು ಕಿಲೋಮೀಟರಿನ ಆಸುಪಾಸು. ಸೋಂದಾ ಕ್ರಾಸ್ ದಾಟಿದ ಮೇಲೆ ತಿರುವುಗಳು ಹೆಚ್ಚು. ಅಲ್ಲಿಂದ ಸ್ವಲ್ಪ ಮುಂದೆ ಹಿಂದಿನಿಂದ ಒಂದು ಬೂದು ಬಣ್ಣದ ಕಾರು ಬಂದು ಬಿಡದೆ ಹಾರ್ನ್ ಹೊಡೆಯತೊಡಗಿತು. ಎದುರಿಗೆ ತಿರುವು, ಎಡಕ್ಕೆ ಚರಂಡಿ. ನಾನು ವೇಗ ಇಳಿಸಿ ಆದಷ್ಟು ಬದಿಗೆ ಸರಿದೆ. ಕಾರಿನವನು ತಿರುವಿನಲ್ಲೇ ನುಗ್ಗಿದ. ಅದೇ ಹೊತ್ತಿಗೆ ಎದುರಿನಿಂದ ಟ್ಯಾಂಕರ್ ಬಂತು. ಅವನು ಗಕ್ಕನೆ ಎಡಕ್ಕೆ ಎಳೆದುಕೊಂಡಾಗ ಅವನ ಕಾರಿನ ಬದಿ ನಮ್ಮ ಬಂಪರಿಗೆ ಉಜ್ಜಿತು. ಟ್ಯಾಂಕರ್ ಹಾದುಹೋಯಿತು. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಕಾರು ಮುಂದೆ ಹೋಗಿ ರಸ್ತೆಗೆ ಅಡ್ಡ ನಿಂತಿತು.

ಇಳಿದು ಬಂದವನು ಮೂವತ್ತೈದರ ಸುಮಾರಿನವನು. ಕಾರಿನ ಹಿಂಬಾಗಿಲು ತೆಗೆದು ಜಾಕಿಯ ರಾಡು ಹಿಡಿದುಕೊಂಡ. ಒಳಗೆ ಒಬ್ಬ ಹೆಂಗಸು, ಅವಳ ಪಕ್ಕ ಒಬ್ಬರು ಮುದುಕರು ಕೂತಿದ್ದು ಕಾಣುತ್ತಿತ್ತು.

"ಏ, ಇಳೀರಿ ಕೆಳಗ," ಎಂದು ದೂರದಿಂದಲೇ ಕೂಗಿದ. "ಹಾರ್ನ್ ಕೇಳಂಗಿಲ್ಲೇನು ನಿಮಗ? ರಸ್ತೆ ನಿಮ್ಮಪ್ಪಂದೇನು?"

ಹಿಂದಕ್ಕೆ ಹೋಗೋಣವೆಂದರೆ ಬೆನ್ನಿಗೇ ತಿರುವು. ಹಿಂದಿನಿಂದ ಯಾವ ಗಾಡಿ ಬರುತ್ತದೋ ಕಾಣುವಂತಿರಲಿಲ್ಲ. ಎಂಜಿನ್ ನಿಲ್ಲಿಸಿದೆ. ಆಗ ಪಕ್ಕದಲ್ಲಿ ವಿನಾಯಕ ಸೀಟಿನ ಮೇಲೆ ಮಂಡಿಯೂರಿ ಹಿಂದಕ್ಕೆ ಬಾಗಿದ್ದು ಕಂಡಿತು. ಅವನ ಕೈ ಕಂಬಳಿಯ ಮೇಲಿತ್ತು.

"ಮುಟ್ಟಡ," ಎಂದು ತಡೆದೆ.

"ಕಟ್ಟು ಬಿಚ್ಚದೂ ಬ್ಯಾಡ ಅತ್ಗೆ. ತೋರ್ಸಿರೆ ಸಾಕು. ಓಡ್ತ ಅವ."

"ಅವ ಓಡದೇ ಇದ್ರೆ?"

ವಿನಾಯಕ ಕಂಬಳಿಯಿಂದ ಕೈ ತೆಗೆಯಲಿಲ್ಲ.

ನಾನು ಇಲ್ಲಿ ಸುಳ್ಳು ಬರೆಯಬಾರದು. ಕೋವಿ ಹಿಂದಿದೆ ಎಂಬುದು ನೆನಪಾದ ಕೂಡಲೇ ನನ್ನ ಹೆದರಿಕೆ ಅರ್ಧ ಇಳಿದಿತ್ತು. ರಾಡು ಹಿಡಿದು ಬರುತ್ತಿದ್ದವನನ್ನು ನಾನು ಬೇರೆ ಥರ ನೋಡತೊಡಗಿದ್ದೆ. ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಒಂದು ಕೆಟ್ಟ ಧೈರ್ಯ. ಅದು ಒಂದೆರಡು ಕ್ಷಣ ಇದ್ದಿರಬಹುದು. ಆಮೇಲೆ ಅವನಿಗಿಂತ ಹೆಚ್ಚಾಗಿ ನನಗೆ ನಮ್ಮ ಗಾಡಿಯ ಒಳಗಿನದೇ ಭಯವಾಯಿತು. ಲೈಸೆನ್ಸಿನಲ್ಲಿ ನನ್ನ ಫೋಟೋ ಇದೆ. ಏನಾದರೂ ಆದರೆ ಅದರ ಹೊಣೆ ನನ್ನದು. ಅದಕ್ಕಿಂತ ಹೆಚ್ಚಾಗಿ, ಆ ಕಾರಿನಲ್ಲಿ ಕೂತ ಮುದುಕರು ನಮ್ಮತ್ತಲೇ ನೋಡುತ್ತಿದ್ದರು.

"ವಿನಾಯ್ಕಾ, ಈ ಕೋವಿ ನನ್ನ ಹೆಸರಲ್ಲಿದ್ದು. ಆನು ಹೇಳ್ತಾ ಇದ್ದಿ, ಬಿಡು ಅದನ್ನ. ನಿನ್ನ ಬಾಗ್ಲು ತೆಗೆ. ಇಳಿ."

"ಅವನ ಕೈಯಲ್ಲಿ ರಾಡಿದ್ದು."

"ಕಾಣ್ತಾ ಇದ್ದು. ಇಳಿ."

ಅವನು ಇಳಿದ. ನಾನೂ ಅವನ ಕಡೆಯಿಂದಲೇ, ಎಡಬಾಗಿಲಿನಿಂದ ಇಳಿದೆ. ಕೈಚೀಲ ಹೆಗಲಿಗೆ ಹಾಕಿಕೊಂಡೆ. ಬಾಗಿಲುಗಳಿಗೆ ಬೀಗ ಹಾಕಿ ಕೀಲಿಯನ್ನು ಕುಪ್ಪಸದೊಳಗೆ ಸೇರಿಸಿದೆ. ಗಾಡಿಯಿಂದ ಹತ್ತು ಹೆಜ್ಜೆ ಆಚೆ, ಚರಂಡಿಯ ಅಂಚಿಗೆ ವಿನಾಯಕನನ್ನು ಎಳೆದುಕೊಂಡು ಹೋಗಿ ನಿಂತೆ. ಇಬ್ಬರ ಕೈಗಳೂ ಖಾಲಿ ಇವೆ ಎಂದು ಆ ಮನುಷ್ಯನಿಗೆ ಕಾಣಲಿ ಎಂದು ನನ್ನ ಕೈಗಳನ್ನು ಮುಂದಕ್ಕೆ ಹಿಡಿದೆ.

"ಅಣ್ಣಾ, ನಂದೇ ತಪ್ಪಾಯ್ತು," ಎಂದೆ. "ಇನ್ನೂ ಬದಿಗೆ ಹೋಗಬೇಕಿತ್ತು. ಕೈ ಮುಗೀತೇನೆ, ಮುಂದೆ ಹೋಗಿ."

ಅವನು ಗಾಡಿಯ ಸುತ್ತ ಒಂದು ಸಲ ನಡೆದ. ರಾಡಿನ ತುದಿಯನ್ನು ತಗಡಿಗೆ ಕೆರೆಯುತ್ತ ನಡೆದ. ಹಿಂದಿನ ಸೀಟಿನ ಗಾಜಿನ ಮುಂದೆ ನಿಂತು ರಾಡು ಎತ್ತಿದ. ಆ ಗಾಜಿನ ಒಳಗೆ, ಒಂದು ಮೊಳ ದೂರದಲ್ಲಿ, ಕಂಬಳಿ ಸುತ್ತಿದ ಕೋವಿ ಇತ್ತು. ಗಾಜು ಒಡೆದರೆ ಅದು ಅವನ ಕೈಗೆ ಸಿಗುತ್ತಿತ್ತು. ತೋಟಾ ಇಲ್ಲದ ಕೋವಿಯೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಸಿಟ್ಟಿನಲ್ಲಿ ಅದನ್ನು ಎತ್ತಿಕೊಂಡರೆ ವಿನಾಯಕ ಸುಮ್ಮನಿರುತ್ತಿದ್ದನೇ?

"ಅಣ್ಣಾ, ನಿಮ್ಮ ಗಾಡೀಲಿ ಹಿರಿಯರಿದ್ದಾರೆ," ಎಂದೆ.

ಅವನು ತಿರುಗಿ ತನ್ನ ಕಾರನ್ನು ನೋಡಿದ. ರಾಡು ಇಳಿಸಿದ. ನಾಲ್ಕು ಹೆಜ್ಜೆ ಮುಂದೆ ಬಂದು ನಮ್ಮ ಗಾಡಿಯ ಬಲಗಡೆಯ ಹೆಡ್‌ಲೈಟಿಗೆ ಹೊಡೆದ. ಗಾಜು ರಸ್ತೆಯ ಮೇಲೆ ಚೆಲ್ಲಿತು. ಒಡೆಯಲಿ ಎಂದುಕೊಂಡೆ. ನಿಜವಾಗಿ ಹೇಳಬೇಕೆಂದರೆ ಸಮಾಧಾನವೇ ಆಯಿತು.

ಅಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ. ಅವನು ನಮ್ಮತ್ತ ನಡೆದು ಬಂದು, ವಿನಾಯಕನ ಎದೆಗೆ ರಾಡು ತೋರಿಸಿ, "ಇಂವಾ ಯಾಕ ಹಂಗ ನೋಡ್ತಾನ?" ಎಂದ. "ಆಕಿ ಹೇಳಿದ್ಲು. ಇಂವನೂ ಹೇಳ್ಲಿ, ತಪ್ಪಾತು ಅಂತ."

ವಿನಾಯಕನ ಕುತ್ತಿಗೆಯ ನರ ಉಬ್ಬಿತ್ತು. ನಾನು ಅವನ ಮೊಣಕೈ ಹಿಡಿದಿದ್ದೆ. ಹೇಳು ಎಂದು ನಾನು ಅನ್ನಲಿಲ್ಲ. ಅನ್ನುವ ಹಕ್ಕು ನನಗಿಲ್ಲ ಅನ್ನಿಸಿತು. ಒಂದು ಮೋಟಾರ್ ಸೈಕಲ್ಲು ಬಂದು, ನಿಧಾನ ಮಾಡಿ, ನಮ್ಮನ್ನು ನೋಡಿ, ಹೊರಟೇ ಹೋಯಿತು. ಕಾರಿನಿಂದ ಹೆಂಗಸು, "ಸಾಕು ಬರ್ರಿ, ಅಪ್ಪಾರು ಹೆದರ್ಯಾರ," ಎಂದು ಕರೆದಳು. ಅವನು ಅಲುಗಲಿಲ್ಲ.

"ತಪ್ಪಾಯ್ತು," ಎಂದ ವಿನಾಯಕ. ಅವನ ದನಿ ಮೊದಲೇ ಸಣ್ಣದು. ಆ ಮನುಷ್ಯ ಮತ್ತೊಮ್ಮೆ ಹೇಳು ಎಂದ. "ತಪ್ಪಾಯ್ತು, ಕ್ಷಮಿಸಿ," ಎಂದು ವಿನಾಯಕ ಸ್ಪಷ್ಟವಾಗಿ ಹೇಳಿದ, ಅವನ ಮುಖವನ್ನೇ ನೋಡುತ್ತ.

ಕಾರಿನವನು ಉಗುಳಿ, ತಿರುಗಿ ನಡೆದ. ಕಾರು ಹೊರಟಾಗ ನಂಬರನ್ನು ನಾನು ಬಾಯಲ್ಲಿ ಹೇಳಿಕೊಂಡು, ಆಮೇಲೆ ಲೈಸೆನ್ಸ್ ಪುಸ್ತಕದ ಕವರಿನ ಮೇಲೆ ಬರೆದುಕೊಂಡೆ. ಹತ್ತು ನಿಮಿಷ ಅಲ್ಲೇ ಕೂತೆವು. ಅವನು ಮುಂದೆ ಎಲ್ಲಾದರೂ ನಿಂತಿದ್ದರೆ ಮತ್ತೆ ಸಿಗುವುದು ಬೇಡವೆಂದು ಬೇಕೆಂದೇ ತಡ ಮಾಡಿದೆ. ವಿನಾಯಕ ರಸ್ತೆಯ ಮೇಲಿನ ಗಾಜಿನ ಚೂರುಗಳನ್ನು ಕಾಲಿನಿಂದ ಬದಿಗೆ ತಳ್ಳಿದ. ಬೈಕಿನವರಿಗೆ ತಾಗೀತೆಂದು.

ಮಂಚಿಕೇರಿ ಹೋಯಿತು. ಬೇಡ್ತಿ ಸೇತುವೆಯೂ ಹೋಯಿತು. ಹೊಳೆಯಲ್ಲಿ ನೀರು ಇನ್ನೂ ಬಂಡೆಗಳ ನಡುವೆಯೇ ಇತ್ತು.

"ನಿಂಗೆ ಸುಲಭ ಅತ್ಗೆ," ಎಂದ ವಿನಾಯಕ. "ಹೆಂಗಸು ಕೈ ಮುಗಿದ್ರೆ ಜನ ಒಳ್ಳೇದು ಹೇಳ್ತ. ನಂಗೆ ಇದು ಎರಡನೇ ಸಲ."

"ಗೊತ್ತಿದ್ದು."

"ಗೊತ್ತಿಲ್ಲೆ ನಿಂಗೆ. ಕೋವಿ ಅಲ್ಲೇ ಇತ್ತು. ಅಲ್ಲೇ ಇಟ್ಕಂಡು ಆನು 'ಕ್ಷಮಿಸಿ' ಹೇಳಿದ್ದಿ."

ನಾನು ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಅವನು ಅಳುತ್ತಿದ್ದ. ದೊಡ್ಡ ಮೈಯವರು ಅತ್ತರೆ ಸೀಟೂ ಅಲುಗುತ್ತದೆ. ನನಗೂ ಒಂದು ಗಳಿಗೆ ಕೋವಿಯ ಧೈರ್ಯ ಬಂದಿತ್ತು ಎಂದಷ್ಟೇ ಹೇಳಿದೆ. ಅವನು ಮುಖ ಒರೆಸಿಕೊಂಡು ನನ್ನನ್ನು ನೋಡಿದ.

"ಹೌದಾ?"

"ಹೌದು. ಅದಕ್ಕೇ ಇಳಿದಿದ್ದು."

ಯಲ್ಲಾಪುರ ಠಾಣೆ ತಲುಪಿದಾಗ ನಾಲ್ಕೂವರೆ. ಹಿರಿಯ ಹವಾಲ್ದಾರರು ಕಂಬಳಿಯ ಗಂಟು ಬಿಚ್ಚಿಸಿ, ನಳಿಗೆ ಖಾಲಿಯಿದೆಯೇ ನೋಡಿ, ನಂಬರು ಬರೆದುಕೊಂಡರು. ದಾರಿಯಲ್ಲಿ ನಡೆದದ್ದನ್ನು ನಾನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಕೋವಿ ಇದೆ ಅಂತ ಅವನಿಗೆ ಗೊತ್ತಾಯ್ತಾ?"

"ಇಲ್ಲ."

"ನೀವು ಬಾಯಲ್ಲಾದ್ರೂ ಹೇಳಿದ್ರಾ?"

"ಇಲ್ಲ ಸಾರ್."

ಅವರು ವಿನಾಯಕನತ್ತ ನೋಡಿದರು. ಅವನು ತಲೆ ತಗ್ಗಿಸಿ ಕೂತಿದ್ದ. "ನನ್ನ ಸರ್ವೀಸಲ್ಲಿ ಇದೇ ಥರದ ಒಂದು ಜಗಳದ ಮೇಲೆ ಎರಡು ಮನೆ ಹಾಳಾಗಿದ್ದು ನೋಡಿದ್ದೇನೆ," ಎಂದರು. "ಬರೀ ತೋರಿಸೂಕೆ ಅಂತ ಕೋವಿ ತೆಗೆದಿದ್ದು." ಒಂದು ಹಾಳೆ ಕೊಟ್ಟು ದೂರು ಬರೆಯಲು ಹೇಳಿದರು. ಕಾರಿನ ನಂಬರು ಸೇರಿಸಿ ನಾನು ಬರೆದೆ. ಸಾಕ್ಷಿಯ ಜಾಗದಲ್ಲಿ ವಿನಾಯಕ ಸಹಿ ಹಾಕಿದ.

ಅವನ ಮನೆ ಠಾಣೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿ ಇಳಿಯಬೇಕಿದ್ದವನು ಇಳಿಯಲಿಲ್ಲ. ಒಂದೇ ದೀಪದ ಗಾಡಿಯಲ್ಲಿ ಒಬ್ಬಳೇ ಹೋಗುವುದು ಬೇಡ ಎಂದ. ಬೆಳಕಿದ್ದಾಗಲೇ ತಲುಪುತ್ತೇನೆಂದರೂ ಕೇಳಲಿಲ್ಲ. ಹೆದ್ದಾರಿಯಲ್ಲಿ ಇಡಗುಂದಿಯವರೆಗೆ ಲಾರಿಗಳ ಸಾಲು. ಅಲ್ಲಿಂದ ಒಳರಸ್ತೆ. ಎದುರು ಬಂದ ಪ್ರತಿ ಗಾಡಿಗೂ ನಾನು ನಿಂತು ದಾರಿ ಬಿಟ್ಟೆ. ವಜ್ರಳ್ಳಿಯ ನಮ್ಮ ಮನೆ ಮುಟ್ಟಿದಾಗ ಆರೂವರೆ. ನನ್ನ ಗಂಡ ಅಂಗಳಕ್ಕೆ ಬಂದು ಮೊದಲು ನೋಡಿದ್ದು ಒಡೆದ ದೀಪವನ್ನು. ಕೋವಿಯನ್ನು ಒಳಕೋಣೆಯ ಮರದ ಪೆಟ್ಟಿಗೆಯಲ್ಲಿಟ್ಟು, ತೋಟಾಗಳನ್ನು ಕಪಾಟಿನಲ್ಲಿಟ್ಟು, ಎರಡಕ್ಕೂ ಬೀಗ ಹಾಕಿ ಬಂದು ನಡೆದದ್ದನ್ನು ಹೇಳಿದೆ. ವಿನಾಯಕ ಅಷ್ಟರಲ್ಲಿ ಅಡುಗೆಮನೆ ಸೇರಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ.

ಇದನ್ನು ಬರೆಯುವ ಮೊದಲು ಅವನನ್ನು ಕೇಳಬೇಕೆನಿಸಿ ಫೋನ್ ಮಾಡಿದೆ. ನಿನ್ನ ಹೆಸರು ಬದಲಿಸಲೇ, ಆ ಕ್ಷಮೆಯ ಭಾಗ ಬಿಟ್ಟುಬಿಡಲೇ ಎಂದೆ. ಆ ಕಡೆ ಪಾತ್ರೆಗಳ ಸದ್ದು, ಯಾವುದೋ ಮದುವೆ ಮನೆಯಲ್ಲಿದ್ದ.

"ಹೆಸರು ಬೇಕಾದ್ರೆ ಬದಲು ಮಾಡು ಅತ್ಗೆ," ಎಂದ. "ಆನು 'ಕ್ಷಮಿಸಿ' ಹೇಳಿದ್ದನ್ನ ಮಾತ್ರ ಬಿಡಡ, ಅದು ಇರ್ಲಿ."