ಜವಳಿ ದಿನದ ಬಾಗಿಲು

ಮೇಲಿನವರು ಒಪ್ಪಲಿಲ್ಲ ಎಂದು ನಾನು ಹನ್ನೆರಡು ಹುಡುಗಿಯರಿಗೆ ಹೇಳಿದ್ದು ಸುಳ್ಳು. ಮೇಲಿನವರಿಗೆ ನಾನು ಅದನ್ನು ಕಳಿಸಿಯೇ ಇರಲಿಲ್ಲ. ಆ ಹುಡುಗಿಯರು ಬರೆದ ಹಾಳೆ ಏಳು ವರ್ಷದಿಂದ ನನ್ನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ, ನಾಲ್ಕು ಮಡಿಕೆಯಾಗಿ ಬಿದ್ದಿದೆ.

ನಾನು ಸರಕಾರಿ ನರ್ಸ್ ಆಗಿ ನಿವೃತ್ತಳಾದವಳು. ತರಬೇತಿಯ ಹಾಸ್ಟೆಲಿನಲ್ಲಿ ಬೆಳಿಗ್ಗೆ ಐದಕ್ಕೆ ಗಂಟೆ ಬಾರಿಸುತ್ತಿದ್ದರು. ಹಾಸಿಗೆಯ ಚಾದರಕ್ಕೆ ಒಂದು ಸುಕ್ಕು ಬಿದ್ದರೂ ಇಡೀ ಹಾಸಿಗೆಯನ್ನು ಕಿತ್ತು ಮತ್ತೆ ಹಾಸಿಸುತ್ತಿದ್ದರು. ಆ ಶಿಸ್ತು ನನ್ನನ್ನು ಬದುಕಿಸಿತು ಎಂದು ನಂಬಿದ್ದೆ. ಈಗಲೂ ಐದಕ್ಕೇ ಏಳುತ್ತೇನೆ — ಎದ್ದು ಮಾಡುವುದು ಏನೂ ಇಲ್ಲದಿದ್ದರೂ.

ನಿವೃತ್ತಿಯ ನಂತರ ಒಂದು ಸಂಸ್ಥೆಯವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಎಚ್‌ಐವಿ ತಡೆಯುವ ಕೆಲಸಕ್ಕೆ ನನ್ನನ್ನು ಕರೆದರು. ಅವರ ಷರತ್ತು ಒಂದೇ: ಕಾರ್ಯಕ್ರಮ ಹೇಗಿರಬೇಕು ಎಂಬುದನ್ನು ಆ ಊರುಗಳ ತರುಣಿಯರ ಜೊತೆ ಕೂತೇ ತೀರ್ಮಾನಿಸಬೇಕು. ತಾಲೂಕಿಗೆ ಮೂವರಂತೆ ಹನ್ನೆರಡು ಹುಡುಗಿಯರು ಶಿಗ್ಗಾಂವಿಯಲ್ಲಿ ಸಂಸ್ಥೆ ಹಿಡಿದಿದ್ದ ಬಾಡಿಗೆ ಮನೆಗೆ ಬರತೊಡಗಿದರು. ಹೊರಗಿನ ಕೋಣೆಯಲ್ಲಿ ಸಭೆ, ಒಳಗಿನ ಕೋಣೆಯಲ್ಲಿ ರಕ್ತ ತಪಾಸಣೆ. ಎರಡರ ಕೀಲಿಯೂ ನನ್ನ ಸೊಂಟದಲ್ಲಿ. ತಪಾಸಣೆ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ. ಆ ವೇಳೆಯನ್ನು ನಿಗದಿ ಮಾಡಿದವಳೂ ನಾನೇ.

ಸಭೆಗೂ ನನ್ನದೊಂದು ಪದ್ಧತಿಯಿತ್ತು. ಹುಡುಗಿಯರು ಬಂದ ಕೂಡಲೇ ನಡಾವಳಿ ಪುಸ್ತಕದ ಖಾಲಿ ಪುಟದ ಕೆಳಗೆ ಸಹಿ ಮಾಡಬೇಕು, ಮಾತು ಆಮೇಲೆ. ಹೋಗುವ ಹೊತ್ತಿಗೆ ಬಸ್ಸಿನ ಅವಸರ, ಸಹಿ ತಪ್ಪಿಹೋಗುತ್ತದೆ ಎಂಬುದು ನನ್ನ ವಾದ.

ಮೂರನೆಯ ಸಭೆಯಲ್ಲಿ ಹತ್ತಿಮತ್ತೂರಿನ ಹುಡುಗಿಯೊಬ್ಬಳು ಎದ್ದು ನಿಂತಳು. ಸವಣೂರಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದಳು. ಗಿರಿಜಾ ಎನ್ನುತ್ತೇನೆ — ನಿಜವಾದ ಹೆಸರು ಬೇರೆ.

“ಎತ್ತ ಕೊಳ್ಳಾಕ ಹೋದ್ರ ಬಾಯಿ ತಗಸಿ ಹಲ್ಲ ನೋಡ್ತಾರ. ಗಂಡಿಂದು ಎಷ್ಟ ಎಕರೆ ಹೊಲ ಅಂತ ನೋಡ್ತಾರ. ರಕ್ತಾ ಒಂದ ನೋಡಬಾರದೇನ್ರಿ ಮೇಡಂ?”

ಎಲ್ಲರೂ ನಕ್ಕರು. “ನೋಡ್ತೇನಿ ಅಂದ್ರ ನಿನ್ನ ಹಲ್ಲ ಉದುರಸ್ತಾರ ನಿಮ್ಮಪ್ಪ,” ಎಂದು ಹಿರೇಕೆರೂರಿನವಳೊಬ್ಬಳು ಛೇಡಿಸಿದಳು.

ಸವಣೂರಿನ ಶಾಹಿದಾ ಹೊಲಿಗೆ ಕೆಲಸದವಳು. ಮದುವೆ ಮನೆಗಳ ಒಳಹೊರಗೆಲ್ಲ ಬಲ್ಲವಳು. ಅವಳು ಹೇಳಿದಳು: “ಜವಳಿ ದಿನಾ ಐತಲ್ಲ. ಎರಡೂ ಮನಿಯವ್ರು ಬಟ್ಟಿ ತಗೊಳ್ಳಾಕ ಪ್ಯಾಟಿಗೆ ಬರ್ತಾರ. ಹೆಂಗಸ್ರು ಸೀರಿ ಅಂಗಡ್ಯಾಗ ಕುಂತ್ರ ಮೂರ ತಾಸು ಏಳಂಗಿಲ್ಲ. ಹುಡುಗಾ ಹುಡುಗಿ ಚಾ ಕುಡದ ಬರ್ತೇವಿ ಅಂದ್ರ ಅವತ್ತೊಂದಿನಾ ಯಾರೂ ಬ್ಯಾಡ ಅನ್ನಂಗಿಲ್ಲ. ನಮ್ಮ ಮಂದ್ಯಾಗೂ ಹಂಗ, ನಿಮ್ಮ ಮಂದ್ಯಾಗೂ ಹಂಗ.”

ಹನ್ನೆರಡೂ ಜನ ಒಟ್ಟಿಗೇ ಮಾತಾಡತೊಡಗಿದರು. ನಿಶ್ಚಯವಾದ ಇಬ್ಬರು ಮದುವೆಗೆ ಮುಂಚೆ ತಾವಿಬ್ಬರೇ ಇರುವ, ಬಂದು ರಕ್ತ ತೋರಿಸಿಕೊಳ್ಳಬಹುದಾದ ಒಂದೇ ಒಂದು ತಾಸನ್ನು ಅವರು ಪತ್ತೆ ಹಚ್ಚಿದ್ದರು. ಮೂವತ್ತು ವರ್ಷ ಈ ಹಳ್ಳಿಗಳನ್ನು ತಿರುಗಿದ ನನಗೆ ಅದು ಹೊಳೆದಿರಲಿಲ್ಲ. ಕಂದು ಹಾಳೆಯೊಂದನ್ನು ನೆಲಕ್ಕೆ ಹಾಸಿ, ಮೊಣಕಾಲೂರಿ, ದಪ್ಪ ಅಕ್ಷರಗಳಲ್ಲಿ ಬರೆದರು.

ಒಂದೇ ತೊಡಕು. ಜವಳಿ ನಡೆಯುವುದು ಮಧ್ಯಾಹ್ನದ ಮೇಲೆ, ಬಹಳ ಸಲ ರವಿವಾರ. ನನ್ನ ಬಾಗಿಲು ಒಂದಕ್ಕೆ ಮುಚ್ಚುತ್ತದೆ, ರವಿವಾರ ತೆರೆಯುವುದೇ ಇಲ್ಲ.

ಅವರು ಹೋದ ಮೇಲೆ ನಡಾವಳಿ ಪುಸ್ತಕ ತೆಗೆದೆ. ಹನ್ನೆರಡು ಸಹಿಗಳು ಕೆಳಗೆ ಸಿದ್ಧವಿದ್ದವು. ಮೇಲೆ ನಾನು ಬರೆದೆ: ಪ್ರತಿ ಸೋಮವಾರ ಹತ್ತು ಗಂಟೆಗೆ ಕಾಲೇಜುಗಳಲ್ಲಿ ಉಪನ್ಯಾಸ, ಪ್ರತಿಜ್ಞಾವಿಧಿ, ಎಲ್ಲರೂ ಒಮ್ಮತದಿಂದ ಒಪ್ಪಿದರು. ಅಕ್ಷರ ಬಹಳ ಚೆಂದ ಬಂದಿತ್ತು, ಅದೂ ನೆನಪಿದೆ. ಸಂಸ್ಥೆಗೆ ಹೋದದ್ದು ಆ ಪುಟ. ಮುಂದಿನ ಸಭೆಯಲ್ಲಿ ಹುಡುಗಿಯರು ಕೇಳಿದಾಗ, “ಮ್ಯಾಲಿನವ್ರು ಒಪ್ಪಲಿಲ್ಲವಾ,” ಎಂದೆ. ಶಾಹಿದಾ ಮರುವಾರದಿಂದ ಬರಲಿಲ್ಲ. ಗಿರಿಜಾ ಬಂದಳು. ಕೊನೆಯವರೆಗೂ ಬಂದಳು.

ಮುಂದಿನ ವರ್ಷ ಅವಳ ಮದುವೆ ನಿಶ್ಚಯವಾಯಿತು. ಹುಡುಗ ಗೋವಿನಜೋಳದ ರಾಶಿ ಮಾಡುವ, ಕಾಳು ಬಿಡಿಸುವ ಯಂತ್ರದ ಜೊತೆ ಊರೂರು, ರಾಜ್ಯ ರಾಜ್ಯ ತಿರುಗುವವನು. ಜವಳಿ ಶಿಗ್ಗಾಂವಿಯಲ್ಲೇ ಇತ್ತು. ಮಧ್ಯಾಹ್ನ ಮೂರಕ್ಕೆ ನಾನು ಹೊರಗಿನ ಕೋಣೆಯಲ್ಲಿ ವರದಿ ಬರೆಯುತ್ತ ಕೂತಿದ್ದಾಗ ಇಬ್ಬರೂ ಬಾಗಿಲಲ್ಲಿ ಬಂದು ನಿಂತರು. ಅವಳ ಮುಖ ಬಿಸಿಲಿಗೆ ಕೆಂಪಾಗಿತ್ತು.

“ಮೇಡಂ, ಇವರನ ಕರಕೊಂಡ ಬಂದೇನ್ರಿ. ಇನ್ನೂ ಧಾರೀಸೀರಿ ನೋಡಾಕತ್ತಾರ, ತಡಾ ಐತಿ.”

ಹುಡುಗ ನಕ್ಕ. “ನಂದೇನ ತಕರಾರಿಲ್ರಿ. ಸೂಜಿಗೆ ಅಷ್ಟ ಅಂಜತೇನಿ.”

ಒಳಗೆ ರಕ್ತ ತೆಗೆಯುವ ಹುಡುಗಿ ಇನ್ನೂ ಇದ್ದಳು. ಸಾಮಾನು ಮೇಜಿನ ಮೇಲೆಯೇ ಇತ್ತು. ಅರ್ಧ ತಾಸಿನ ಕೆಲಸ. ನಾನು ಗೋಡೆಯ ಗಡಿಯಾರ ನೋಡಿದೆ. ನಾನು ಬೇಡವೆಂದದ್ದನ್ನು ಇವಳು ತಾನೇ ಮಾಡಿ ತೋರಿಸುತ್ತಿದ್ದಾಳೆ ಎಂಬ ಸಿಟ್ಟೂ — ಹೌದು, ಸಿಟ್ಟೂ ಇತ್ತು.

“ವ್ಯಾಳ್ಯಾ ಮುಗದೈತಿ. ನಾಳೆ ಮುಂಜಾನಿ ಒಂಬತ್ತಕ್ಕ ಬರ್ರಿ,” ಎಂದೆ.

“ನಾಳೆ ಹೆಂಗ ಆಕ್ಕತ್ರಿ ಮೇಡಂ...”

“ಒಬ್ಬರಿಗೆ ಬಿಟ್ರ ಎಲ್ಲಾರಿಗೂ ಬಿಡಬೇಕಾಕ್ಕತಿ.”

ಚಪ್ಪಲಿ ಮೆಟ್ಟಿ ಇಬ್ಬರೂ ಇಳಿದು ಹೋದರು. ನಾಳೆ ಎಂಬುದು ಅವಳಿಗೆ ಇರಲಿಲ್ಲ, ಅದು ನನಗೆ ಗೊತ್ತಿತ್ತು. ಹನ್ನೆರಡು ಜನ ಹಾಳೆಯ ಮೇಲೆ ಬರೆದು ತಿಳಿಸಿದ್ದರಲ್ಲ.

ಗಿರಿಜಾ ಬಸುರಾದಾಗ ಆಸ್ಪತ್ರೆಯಲ್ಲಿ ಎಚ್‌ಐವಿ ಇರುವುದು ಗೊತ್ತಾಯಿತು. ಗಂಡನಲ್ಲಿ ಅದು ಬಲಿತಿದ್ದ ರೀತಿ ನೋಡಿ, ಮದುವೆಗೆ ಮುಂಚಿನಿಂದಲೇ ಇತ್ತೆಂದು ವೈದ್ಯರು ಹೇಳಿದರು. ಪಾಪ, ಅವನಿಗೇ ತಿಳಿದಿರಲಿಲ್ಲ. ಗುಳಿಗೆ ನುಂಗುವುದನ್ನು ಜೊತೆಯವರು ಕಂಡಾರೆಂದು ಅವನು ರಾಶಿಗೆ ಹೋದಲ್ಲೆಲ್ಲ ಬಿಟ್ಟು ಬಿಟ್ಟು ನುಂಗಿದ. ಎರಡು ವರ್ಷದ ಹಿಂದೆ ತೀರಿಕೊಂಡ. ಮಗಳಿಗೆ ತಗುಲಲಿಲ್ಲ. ಗಿರಿಜಾ ತವರಿಗೆ ಮರಳಿದಳು. ಅಲ್ಲಿ ಅವಳ ತಾಟು, ಚೊಂಬು ಬೇರೆ. ಹೆತ್ತ ಅವ್ವನೇ ಬೇರೆ ಇಟ್ಟಿದ್ದಾಳೆ.

ಗಂಡ ಸತ್ತ ಮೇಲೆ ಒಮ್ಮೆ ಅವಳು ನನ್ನ ಮನೆಗೆ ಬಂದಿದ್ದಳು. ನಾನು ಅತ್ತುಬಿಟ್ಟೆ. ಅವಳೇ ನನ್ನ ಕೈ ಹಿಡಿದು, “ನೀವರ ಏನ ಮಾಡ್ತೀರಿ ಮೇಡಂ, ಮ್ಯಾಲಿನವ್ರು ಒಪ್ಪಲಿಲ್ಲಲ್ಲ,” ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಚಹಾ ಮಾಡಿಕೊಟ್ಟೆ.

ಹೋದ ತಿಂಗಳು ಹಾಳೆ ಹಿಡಿದು ಹತ್ತಿಮತ್ತೂರಿಗೆ ಹೋದೆ. ಹಿತ್ತಲಿನಲ್ಲಿ ಕೂತು ಗಿರಿಜಾಗೆ ಎಲ್ಲವನ್ನೂ ಹೇಳಿದೆ — ಖಾಲಿ ಪುಟದ ಸಹಿ, ಟ್ರಂಕು, ಗಡಿಯಾರ. ಅವಳು ಬೈಯಲಿಲ್ಲ. ಹಾಳೆ ಬಿಚ್ಚಿ, ಮಡಿಕೆಗಳಲ್ಲಿ ಹರಿದ ಅಕ್ಷರಗಳನ್ನು ಬೆರಳಿನಿಂದ ಕೂಡಿಸುತ್ತ ಬಹಳ ಹೊತ್ತು ಓದಿದಳು.

“ಹಂಗಾರ ಇದನ್ನ ಯಾರೂ ಓದೇ ಇಲ್ಲೇನ್ರಿ?”

“ಇಲ್ಲವಾ.”

ಹಾಳೆಯನ್ನು ಮಡಿಚಿ ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ನಾನು ಬಸ್ಸಿನ ಹೊತ್ತಿನವರೆಗೂ ಕಾದೆ. ಅವಳು ಮತ್ತೆ ಹೊರಗೆ ಬರಲಿಲ್ಲ.

ಶಿಗ್ಗಾಂವಿಯ ಆ ತಪಾಸಣೆಯ ಮನೆ ಈಗಿಲ್ಲ. ಸಂಸ್ಥೆಯ ಕೆಲಸ ಮುಗಿದು ಅಲ್ಲಿ ಗೊಬ್ಬರದ ಅಂಗಡಿಯಾಗಿದೆ. ಇದನ್ನು ಓದಿ ಯಾರಾದರೂ ಏನಾದರೂ ಮಾಡುತ್ತಾರೆಂಬ ನಂಬಿಕೆ ನನಗಿಲ್ಲ. ಆದರೂ ಹಾಳೆಯಲ್ಲಿದ್ದುದನ್ನು, ಒಂದಕ್ಷರವನ್ನೂ ತಿದ್ದದೆ, ಇಲ್ಲಿ ಇಳಿಸುತ್ತಿದ್ದೇನೆ:

“ಜವಳಿ ದಿನಾ ಇಬ್ಬರೂ ಕೂಡೇ ಬರ್ತೇವಿ. ಹೆಸರ ಕೇಳಬ್ಯಾಡ್ರಿ. ರೋಗ ಐತಿ ಅಂತ ಬಂದ್ರ ಬೈಬ್ಯಾಡ್ರಿ, ಔಷಧ ಹೇಳ್ರಿ. ಮುಂದಿಂದ ನಾವಿಬ್ರೂ ಮಾತಾಡಕೋತೇವಿ. ನಾವು ಮಧ್ಯಾಹ್ನದಾಗ ಬರ್ತೇವಿ. ಬಾಗಲಾ ಅಷ್ಟ ತಗದಿಡ್ರಿ.”