ಪಾರ್ಕಿಂಗ್ ಮೂಲೆಯ ಕೂಸು

ಆ ಮೂಲೆಯಲ್ಲಿ ಏನೂ ಇಲ್ಲ ಎಂದು ಸಮಿತಿಯವರನ್ನು ನಂಬಿಸಿದವಳು ನಾನು. ಇದೆ. ಅಲ್ಲಿ ನನ್ನ ಮೈದುನನ ಹೆಂಡತಿ ಗಂಗವ್ವನ ಕೂಸು ಇದೆ — ಈಗ ಕಾರು ನಿಲ್ಲುವ ಸಿಮೆಂಟು ಕಲ್ಲುಗಳ ಕೆಳಗೆ.

ಫೋನಿನಲ್ಲಿ ಬರೆಯುವುದನ್ನು ಮೊಮ್ಮಗಳು ಈಚೆಗಷ್ಟೇ ಕಲಿಸಿದ್ದಾಳೆ. ಕಲಿತಾಗಿನಿಂದ ಈ ಲೇಔಟಿನ ಗ್ರೂಪಿನಲ್ಲಿ ಚೇಷ್ಟೆಯ ಮಾತು ಹಾಕಿ ನಿಮ್ಮನ್ನು ನಗಿಸಿದ್ದೇನೆ. ಇವತ್ತು ನಗಬೇಡಿ.

ಲೇಔಟ್ ವಿಸ್ತರಿಸಲು ನಮ್ಮ ಹೊಲ ಕೊಟ್ಟ ವರ್ಷ, ಪಾರ್ಕಿಂಗ್ ಎಲ್ಲಿ ಬರಬೇಕೆಂದು ನೋಡಲು ಬೈಲಹೊಂಗಲದಿಂದ ಯೋಜನಾ ಸಮಿತಿಯವರು ಬಂದರು. ಟೇಪು ಹಿಡಿದರು. ಕಾರು ಹೇಗೆ ತಿರುಗುತ್ತದೆ, ಬೈಕು ಎಲ್ಲಿ ನಿಲ್ಲುತ್ತದೆ — ಎಲ್ಲ ಕೇಳಿದರು. ಗಂಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಮುಂದೆ ಬಂದಳು.

"ಸಾಹೇಬ್ರ, ಈ ಒಡ್ಡಿನ ಬುಡಕ್ಕ ನನ್ನ ಕೂಸಿನ್ನ ಮಣ್ಣ ಮಾಡೇವ್ರಿ. ಇದೊಂದ ಮೂಲಿ ಬಿಡ್ರಿ."

ಹಿರಿಯ ಸಾಹೇಬರು ನನ್ನತ್ತ ತಿರುಗಿದರು. "ಖರೇ ಏನ್ರಿ ಅಮ್ಮಾ?"

ಆ ಮೂಲೆ ಬಿಟ್ಟರೆ ಪಾರ್ಕಿಂಗ್ ನನ್ನ ಮಗನ ಪಾಲಿನ ಜಾಗಕ್ಕೆ ಸರಿಯುತ್ತಿತ್ತು, ರಸ್ತೆಗೆ ಹತ್ತಿದ ಅವನ ಸೈಟು ಹೋಗುತ್ತಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿದ್ದೇನೆ — ಸಿಕ್ಕಿಲ್ಲ.

"ಆಕಿ ಮಾತ ಏನ್ ಕೇಳ್ತೀರಿ ಸಾಹೇಬ್ರ," ಎಂದೆ. "ಆಕಿ ಕಣ್ಣೀರ ಹಾಕಿದಲ್ಲೆಲ್ಲಾ ಗೋರಿ ಕಟ್ಟಿದ್ರ, ನಿಮ್ಮ ಜೀಪ್ ನಿಲ್ಲಸಾಕೂ ಜಾಗಾ ಉಳಿಯಂಗಿಲ್ಲ."

ನಕ್ಕರು. ಟೇಪು ಹಿಡಿದವನೂ ನಕ್ಕ. ಕಾರಿಗೆ ಅರ್ಧ ಅಡಿ ಜಾಗ ಹೆಚ್ಚು ಬೇಕೆಂದು ಬಿಸಿಲಲ್ಲಿ ನಿಂತು ವಾದ ಮಾಡಿದವರಿಗೆ, ಒಬ್ಬ ತಾಯಿಯನ್ನು ಇನ್ನೊಮ್ಮೆ ಕೇಳಬೇಕು ಎನಿಸಲಿಲ್ಲ. ಮೈ ಉರಿಯುತ್ತದೆ. ಆದರೆ ಅವರ ಮೇಲೆ ಸಿಟ್ಟಾಗಲು ನಾನ್ಯಾರು? ಆ ಕೂಸಿಗೆ ಕೊನೆಯ ನೀರೆರೆದವಳು ನಾನು. ಹಣೆಗೆ ವಿಭೂತಿ ಹಚ್ಚಿದವಳು ನಾನು. ಬಾಣಂತಿ ಗಂಗವ್ವ ಏಳಲಾರಳೆಂದು, ಮಣ್ಣು ಮಾಡಲು ತೋಡಿದ ಕುಣಿಯವರೆಗೆ ಎದೆಗವಚಿಕೊಂಡು ಒಯ್ದವಳೂ ನಾನೇ. ಆಮೇಲೆ ಅವಳ ಕೈಹಿಡಿದು ಕರೆತಂದು ಜಾಗ ತೋರಿಸಿದವಳು… ನನ್ನ ನಾಲಿಗೆಯನ್ನು ಏನು ಮಾಡಲಿ?

ಈಗ ಅಲ್ಲೊಂದು ಬಿಳಿ ಕಾರು ನಿಲ್ಲುತ್ತದೆ. ಅಮಾವಾಸ್ಯೆಗೆ ಗಂಗವ್ವ ಹೂ ತಂದು ಗಾಲಿಯ ಪಕ್ಕ ಇಡುತ್ತಾಳೆ. ವಾಚ್‌ಮನ್ ಗುಡಿಸಿ ಹಾಕುತ್ತಾನೆ.

ನಿನ್ನೆ ಅವಳ ಕಟ್ಟೆಯ ಮೇಲೆ ಕುಳಿತು ಯಾಕೆ ಹಾಗೆ ಅಂದೆನೆಂದು ಹೇಳಿದೆ. ಶೇಂಗಾ ಸುಲಿಯುತ್ತಿದ್ದ ಅವಳ ಕೈ ನಿಲ್ಲಲಿಲ್ಲ.

"ನನಗ್ಯಾಕ ಹೇಳ್ತಿ ಅಕ್ಕಾ? ನನಗ ಗೊತ್ತಿಲ್ಲೇನು? ಅವತ್ತ ನಕ್ಕವ್ರ ಮುಂದ ಹೇಳ ಹೋಗು."

ಇವತ್ತು ಅವರು ಲೇಔಟಿನ ಮುಂದಿನ ಹಂತ ನೋಡಲು ಮತ್ತೆ ಬರುತ್ತಿದ್ದಾರೆ. ಹೇಳುತ್ತೇನೆ. ಕಲ್ಲು ಕೀಳಿಸಿ ಎನ್ನುತ್ತೇನೆ. ಮುದುಕಿಗೆ ಅರಳು ಮರಳು ಎಂದು ನಗಲಿ. ಮಗ ನನ್ನೊಡನೆ ಮಾತು ಬಿಡಲಿ.

ಬಿಳಿ ಕಾರಿನವರೇ, ನಿಮಗೆ ತಿಳಿದಿರಲಿಲ್ಲ, ನಿಮ್ಮ ತಪ್ಪಿಲ್ಲ. ಕೆಳಗೆ ಬಂದು ಕಾರು ತೆಗೆಯಿರಿ. ನಾನು ಅದರ ಮುಂದೆಯೇ ನಿಂತಿದ್ದೇನೆ.