ಕಾಕಾ ಕಟ್ಟಿದ ಗಂಟು

ಅವರ ಬಲಗೈ ತೋರುಬೆರಳಿಗೆ ಉಗುರು ಇರಲಿಲ್ಲ. ಲಂಡನ್ನಿನ ಹೇಸ್‌ನ ಗೋದಾಮಿನಲ್ಲಿ ಪೆಟ್ಟಿಗೆ ಬಿಗಿಯುವ ಪಟ್ಟಿಗೆ ಸಿಕ್ಕಿ ಕಿತ್ತುಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಉಗುರಿಲ್ಲದ ಆ ಬೆರಳಿನಿಂದಲೇ ಅವರು ಹಗ್ಗಕ್ಕೆ ಗಂಟು ಹಾಕುತ್ತಿದ್ದರು. ಅವರು ಹಾಕಿದ ಗಂಟು ತಾನಾಗಿ ಬಿಚ್ಚಿಕೊಂಡದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಇದನ್ನು ಹೇಳಬೇಕೆಂದು ಮೂವತ್ತು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಮಗಳ ಮದುವೆ ಮುಗಿಯಲಿ ಎಂದೆ, ಆಮೇಲೆ ನನ್ನ ನಿವೃತ್ತಿಯಾಗಲಿ ಎಂದೆ, ಆಮೇಲೆ ಅವರಿಗೆ ಹುಷಾರಾಗಲಿ ಎಂದೆ. ಈಗ ಅವರಿಲ್ಲ.

ಅದೇ ಲಂಡನ್ನಿನ ಕೆಂಟನ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರು ಧಾರವಾಡದ ಕಡೆಯವರು, ನಾವು ಮೈಸೂರಿನವರು. ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಓದಿದ್ದು ಹೈಸ್ಕೂಲು, ಅವರು ಅದನ್ನೂ ಮುಗಿಸಿರಲಿಲ್ಲ. ಇಬ್ಬರೂ ಒಂದೇ ಗೋದಾಮಿನಲ್ಲಿ ಕೆಲಸಕ್ಕಿದ್ದೆವು, ಅವರ ಹಳೆಯ ಕಾರಿನಲ್ಲಿ ಒಟ್ಟಿಗೆ ಹೋಗಿ ಬರುತ್ತಿದ್ದೆವು. ಮೊದಲ ದಿನವೇ ನನ್ನನ್ನು ‘ತಮ್ಮಾ’ ಎಂದು ಕರೆದರು. ನಾನು ಅವರನ್ನು ‘ರೀ’ ಎನ್ನುತ್ತಿದ್ದೆ.

ಬೇಸಿಗೆಯಲ್ಲಿ ನಾಲ್ಕು ದುಡ್ಡು ಉಳಿದರೆ ಜನ ಊರಿಗೆ ಟಿಕೆಟ್ ತೆಗೆಯುತ್ತಾರೆ. ಅವರಿಗೆ ಹಿಡಿದದ್ದು ಬೇರೆ ಹುಚ್ಚು. ಮೂರು ಮನೆಯವರು ಸೇರಿ ವ್ಯಾನ್ ಬಾಡಿಗೆಗೆ ಹಿಡಿದು, ಫೆರಿಯಲ್ಲಿ ಕಡಲು ದಾಟಿ, ಎರಡು ದಿನ ಓಡಿಸಿಕೊಂಡು ಆಸ್ಟ್ರಿಯಾದ ಬೆಟ್ಟಗಳಿಗೆ ಹೋಗಬೇಕು. ಅಲ್ಲಿ ಒಂದು ಸರೋವರ. ಸುತ್ತಲೂ ಆಲ್ಪ್ಸ್, ತುದಿಯಲ್ಲಿ ಇನ್ನೂ ಕರಗದ ಹಿಮ. ನೀರಿನ ಬಣ್ಣ ಹಸಿರು ಗಾಜಿನ ಬಳೆಯಂತೆ. ಬೆಳಿಗ್ಗೆ ಎಲ್ಲರೂ ಬೆಟ್ಟ ಹತ್ತುವುದು, ಮಧ್ಯಾಹ್ನ ದಡಕ್ಕಿಳಿದು ಮಕ್ಕಳನ್ನು ನೀರಿಗೆ ಬಿಡುವುದು, ಹೆಂಗಸರು ಚಪಾತಿ ಡಬ್ಬಿ ಬಿಚ್ಚುವ ಹೊತ್ತಿಗೆ ಅವರು ಈರುಳ್ಳಿ ಹೆಚ್ಚಿ, ಪುಟಾಣಿ ಪುಡಿ ಹಾಕಿ, ದೊಡ್ಡ ಪಾತ್ರೆಯಲ್ಲಿ ಚುರುಮುರಿಯ ಗಿರ್ಮಿಟ್ ಕಲಸುವುದು. ಪಕ್ಕದಲ್ಲಿ ಬಿಸಿಲು ಕಾಯುತ್ತ ಮಲಗಿದ್ದ ಬಿಳಿಯ ಮುದುಕಿಗೂ ಒಂದು ತಟ್ಟೆ ಹೋಗುತ್ತಿತ್ತು.

ಅವರು ಅದನ್ನು ಸರೋವರ ಎನ್ನುತ್ತಿರಲಿಲ್ಲ. ‘ಕೆರಿ’ ಎನ್ನುತ್ತಿದ್ದರು.

“ಇದು ಕೆರೆ ಅಲ್ಲ ರೀ, ಸರೋವರ,” ಎಂದೆ ಒಮ್ಮೆ.

“ನೀ ಸರೋವರ ಅನ್ನು ತಮ್ಮಾ, ನಾ ಕೆರಿ ಅಂತೇನಿ. ನೀರಿಗೇನು ಗೊತ್ತಾಗ್ತದ?”

ನನಗೆ ಈಜು ಬರುತ್ತಿರಲಿಲ್ಲ. ಅವರು ಊರಿನ ಬಾವಿಯಲ್ಲಿ ಕಲಿತವರು. ಅಲ್ಲಿ ಕಲಿತ ಹಾಗೆಯೇ ಮಕ್ಕಳಿಗೂ ಕಲಿಸುತ್ತಿದ್ದರು. ಈಸ್ಟ್ ಹ್ಯಾಮ್‌ನ ನಮ್ಮ ದೇಶದವರ ಅಂಗಡಿಯಿಂದ ತಂದ ಅಡುಗೆ ಎಣ್ಣೆಯ ಖಾಲಿ ಡಬ್ಬವನ್ನು ಮುಚ್ಚಳ ಬಿಗಿದು ಮಗುವಿನ ಬೆನ್ನಿಗೆ ಹಗ್ಗದಿಂದ ಕಟ್ಟಿ ನೀರಿಗೆ ಬಿಡುವುದು. ಬೇರೆಯವರ ಮಕ್ಕಳು ತೋಳಿಗೆ ಗಾಳಿ ಊದಿದ ಬಣ್ಣದ ಗಾಳಿಪಟ್ಟಿ ತೊಟ್ಟು ಆಡುತ್ತಿದ್ದರೆ ನಮ್ಮ ಮಕ್ಕಳು ಸೂರ್ಯಕಾಂತಿ ಹೂವಿನ ಚಿತ್ರದ ಡಬ್ಬ ಹೊತ್ತು ತೇಲುತ್ತಿದ್ದರು. “ಕಾಲ ಬಡಿ ಅವ್ವಿ, ಕಾಲ ಬಡಿ! ನೀರಿಗೆ ನಮ್ಮ ಅಂಜಿಕಿ ಗೊತ್ತಾಗಂಗಿಲ್ಲ, ಅವಸರ ಗೊತ್ತಾಗ್ತದ!”

ನನ್ನ ಮಗಳಿಗೆ ಆಗ ಎಂಟು ವರ್ಷ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಗದರಿಸಿ ನೋಡಿದ್ದೆ, ಚಾಕೊಲೇಟ್ ಆಸೆ ತೋರಿಸಿ ನೋಡಿದ್ದೆ. ಅಂಥವಳು ನೀರಿನೊಳಗಿಂದ ತಲೆ ಎತ್ತಿ, “ಕಾಕಾ, ಕೆರಿ ಭಾಳ ಥಂಡಿ ಅದರೀ!” ಎಂದು ಕೂಗಿದಳು. ದಡದಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕಂತೆ ಮಾಡಿದೆ. ನನಗೆ ಎದೆಯಲ್ಲಿ ಮೆಣಸಿನಕಾಯಿ ಅರೆದಂತಾಗಿತ್ತು. ‘ಕೆರೆ’ ಎಂದಿದ್ದರೆ ನನ್ನ ಮಗಳು. ‘ಕೆರಿ’ ಎಂದಾಗ ಅವರ ಮಗಳು. ಒಂದು ಅಕ್ಷರದ ಮೇಲೆ ಮನುಷ್ಯ ಇಷ್ಟು ಉರಿಯಬಹುದೆಂದು ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಅವರದೆಲ್ಲ ನನಗೆ ಕಣ್ಣಿಗೆ ಚುಚ್ಚತೊಡಗಿತು. ಬೆಟ್ಟ ಹತ್ತುವಾಗ ಮಗಳು ಅವರ ಆ ಉಗುರಿಲ್ಲದ ಬೆರಳನ್ನೇ ಹಿಡಿದು ಮುಂದೆ ಹೋಗುತ್ತಿದ್ದಳು, ನಾನು ಹಿಂದೆ ಚೀಲ ಹೊತ್ತು ಏದುಸಿರು ಬಿಡುತ್ತಿದ್ದೆ. ಅವರು ಕಲಸಿದ ಗಿರ್ಮಿಟ್ ಬೇಡವೆಂದೆ. ನನ್ನ ಹೆಂಡತಿಗೆ ಎಲ್ಲವೂ ಕಾಣುತ್ತಿತ್ತು. “ಹೊಟ್ಟೆಗೆ ಏನಾದ್ರೂ ಹಾಕ್ಕೊಳ್ಳಿ, ಕಿಚ್ಚಾದ್ರೂ ಆರುತ್ತೆ,” ಎಂದಳು.

ಮೂರನೆಯ ಬೇಸಿಗೆಯಲ್ಲಿ ನಾನು ಆ ಕೆಲಸ ಮಾಡಿದೆ. ಮಧ್ಯಾಹ್ನ ಅವರು ನನ್ನ ಮಗಳ ಬೆನ್ನಿಗೆ ಡಬ್ಬ ಕಟ್ಟಿ, ಈರುಳ್ಳಿ ಹೆಚ್ಚಲು ಕೂತರು. ಅವಳು ದಡದಿಂದ ನೀರಿನ ಮೇಲೆ ಚಾಚಿದ್ದ ಮರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. “ಡಬ್ಬ ಇಲ್ದೆ ಯಾವಾಗ ಈಜ್ತೀಯಾ?” ಎಂದೆ. “ಕಾಕಾ ಸೇಸ್ ನೆಕ್ಸ್ಟ್ ಇಯರ್,” ಎಂದಳು. ನನಗೆ ಮಾತ್ರ ಇಂಗ್ಲಿಷ್.

“ತಿರುಗು, ಗಂಟು ಬಿಗಿಯಾಗಿದೆಯಾ ನೋಡ್ತೀನಿ,” ಎಂದೆ.

ಗಂಟು ಅಲುಗಲಿಲ್ಲ. ವ್ಯಾನಿನ ಕೀಲಿಯ ತುದಿ ತೂರಿಸಿ ಎಬ್ಬಿಸಿ ಅದನ್ನು ಸಡಿಲಿಸಿದೆ. ನನ್ನ ಲೆಕ್ಕ ಇಷ್ಟೇ: ನಾನು ನೀರಿನಲ್ಲಿ ಸೊಂಟದ ಮಟ್ಟಕ್ಕೆ ನಿಲ್ಲುತ್ತೇನೆ, ಅವಳು ನನ್ನ ಕಡೆ ಜಿಗಿಯುತ್ತಾಳೆ, ನಡುವೆ ಡಬ್ಬ ಕಳಚುತ್ತದೆ, ಅವಳು ಅದರ ಹಂಗಿಲ್ಲದೆ ಈಜಿ ನನ್ನ ತೋಳಿಗೆ ಬರುತ್ತಾಳೆ. ಕಾಕಾನ ಬಳಿಗಲ್ಲ. ಅದನ್ನು ಎಲ್ಲರೂ ನೋಡಬೇಕು.

ನೀರಿಗಿಳಿದು ಕೈಚಾಚಿ, “ಬಾ ಮಗಳೇ,” ಎಂದೆ. ಜಿಗಿದಳು. ಡಬ್ಬ ಕಳಚಿತು. ಅದು ಒಂದು ಕಡೆ ತೇಲಿಹೋಯಿತು, ಅವಳು ನನ್ನ ಕೈಗೆ ಒಂದು ಮಾರು ದೂರದಲ್ಲಿ ಮುಳುಗಿದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಕಾಲಿಗೆ ನೆಲ ಸಿಗಲಿಲ್ಲ. ನಾನು ಹಿಂದೆ ಸರಿದೆ.

ಇದನ್ನು ಇನ್ನೊಮ್ಮೆ ಬರೆಯುತ್ತೇನೆ. ನನ್ನ ಮಗಳು ಮುಳುಗುತ್ತಿದ್ದಳು, ನಾನು ಹಿಂದೆ ಸರಿದೆ.

ಅವರು ಬಟ್ಟೆಯಲ್ಲೇ ಧುಮುಕಿದರು. ಮೇಲೆತ್ತಿ ತಂದು ದಡದಲ್ಲಿ ಬೋರಲು ಹಾಕಿ ಬೆನ್ನು ತಟ್ಟಿದರು. ಅವಳು ನೀರು ಕಕ್ಕಿ, ಕೆಮ್ಮಿ, ಅತ್ತಳು. ನನ್ನ ಹೆಂಡತಿ ಅವಳನ್ನು ಬಾಚಿ ತಬ್ಬಿಕೊಂಡಳು. ಮೂರನೆಯ ಮನೆಯ ಬೆಂಗಳೂರಿನ ಹೆಂಗಸು, “ಇದೇನ್ರೀ ಇದು, ಎಣ್ಣೆ ಡಬ್ಬ ಕಟ್ಟಿ ಮಕ್ಕಳ ಜೀವದ ಜೊತೆ ಆಟ! ಗಂಟು ಕೂಡ ನೆಟ್ಟಗೆ ಹಾಕೋಕೆ ಬರಲ್ವಾ?” ಎಂದು ಕಿರುಚಿದರು.

ಅವರು ಅವಳ ಮೈಯಿಂದ ಜಾರಿ ಬಿದ್ದಿದ್ದ ಹಗ್ಗವನ್ನು ಕೈಗೆತ್ತಿಕೊಂಡರು. ತುದಿಯ ಎಳೆಗಳು ಕೀಲಿ ತಾಗಿ ಕಿತ್ತು ನಿಂತಿದ್ದವು. ಉಗುರಿಲ್ಲದ ಬೆರಳಿನಿಂದ ಅದನ್ನು ಸವರಿದರು. ತಲೆ ಎತ್ತಿ ನನ್ನನ್ನು ನೋಡಿದರು. ಹಗ್ಗವನ್ನು ಸುತ್ತಿ ಒದ್ದೆ ಜೇಬಿಗೆ ಹಾಕಿಕೊಂಡು ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

“ಗಂಟು ನಾನ ಸಡ್ಲ ಕಟ್ಟಿದ್ದೆ ಅವ್ವಿ. ನಂದ ತಪ್ಪು.”

ನಾನು ಜೇಬಿನಲ್ಲಿದ್ದ ಕೀಲಿಯನ್ನು ಇನ್ನೂ ಒಳಕ್ಕೆ ತಳ್ಳಿದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ ನನ್ನ ಕೈಗೆ ಒಂದು ತಟ್ಟೆ ಕೊಟ್ಟರು. “ತಗೋ ತಮ್ಮಾ, ಚುರುಮುರಿ ಮೆತ್ತಗಾಗ್ತಾವ.” ಆ ದಿನ ತಿಂದೆ.

ಮಾರನೆಯ ವರ್ಷ ಎಲ್ಲರೂ ಅಂಗಡಿಯಿಂದ ಗಾಳಿಪಟ್ಟಿ ತಂದರು. ಯಾರೂ ಮಕ್ಕಳನ್ನು ಅವರ ಕೈಗೆ ಕೊಡಲಿಲ್ಲ. ಅವರು ದಡದಲ್ಲಿ ಕೂತು ಈರುಳ್ಳಿ ಹೆಚ್ಚಿದರು. ಅದರ ಮುಂದಿನ ವರ್ಷ ಮೊಣಕಾಲು ನೋವೆಂದು ಬರಲಿಲ್ಲ. ಬೆಟ್ಟದ ದಾರಿಯಲ್ಲಿ ಮಗಳು ನನ್ನ ಬೆರಳು ಹಿಡಿದಳು. ನನಗೆ ಬೇಕಾದದ್ದು ಸಿಕ್ಕಿತ್ತು. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ, ಯಾವ ಭಾಷೆಯಲ್ಲೂ.

ಹೋದ ಚಳಿಗಾಲ ಅವರು ಆಸ್ಪತ್ರೆಯಲ್ಲಿದ್ದಾಗ ಮಗಳ ಜೊತೆ ನೋಡಲು ಹೋದೆ. ಅವಳು ಅವರ ಕೈ ಹಿಡಿದು, “ಕಾಕಾ, ಅರಾಮಾಗ್ರಿ, ಮತ್ತ ಕೆರಿಗೆ ಹೋಗೂಣು,” ಎಂದಳು. ಅವಳು ಆಡುವ ಕನ್ನಡ ಅಷ್ಟೇ ಉಳಿದಿದೆ, ಅವರು ಕೊಟ್ಟಷ್ಟು.

“ಹೋಗೂಣು ಅವ್ವಿ. ಈ ಸಲ ಗಂಟು ಬಿಗಿ ಕಟ್ತೇನಿ,” ಎಂದರು. ನನ್ನ ಕಡೆ ತಿರುಗಿ ನಕ್ಕರು. ಆ ನಗುವಿನಲ್ಲಿ ಚುಚ್ಚು ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಇರಲಿಲ್ಲ. ಹೇಳಲು ಅದೇ ಸಮಯ. ನಾನು, “ಪಾರ್ಕಿಂಗ್ ಟೈಮ್ ಮುಗೀತಾ ಬಂತು,” ಎಂದೆ. ಆ ವಾರವೇ ಹೋಗಿಬಿಟ್ಟರು.

ಈ ಬೇಸಿಗೆಯಲ್ಲಿ ಮಗಳು ತನ್ನ ಮಗಳನ್ನು ಅದೇ ಸರೋವರಕ್ಕೆ ಕರೆದುಕೊಂಡು ಹೋಗುತ್ತಿದ್ದಾಳೆ. ಮಗುವಿಗೆ ತೇಲುವ ಜಾಕೆಟ್ ಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳುತ್ತ, ಇಂಗ್ಲಿಷಿನಲ್ಲಿ, “ಪಾಪ, ಕಾಕಾನ ಗಂಟು ನೆನಪಿದೆಯಲ್ಲಪ್ಪ,” ಎಂದು ನಕ್ಕಳು. ಅವರು ಅವಳ ಮನಸ್ಸಿನಲ್ಲಿ ಹಾಗೆಯೇ ಉಳಿದಿದ್ದಾರೆ, ಗಂಟು ಸರಿಯಾಗಿ ಕಟ್ಟಲು ಬಾರದವರಾಗಿ.

ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇಷ್ಟು ಬರೆದೆ ಎಂದು ಒಪ್ಪಿಕೊಳ್ಳುತ್ತೇನೆ. ಭಾನುವಾರ ಊಟಕ್ಕೆ ಬರುತ್ತಾಳೆ. ಆಗ ಇದನ್ನು ಅವಳೆದುರು ಗಟ್ಟಿಯಾಗಿ ಓದಬೇಕು. ಬೆಳಿಗ್ಗೆ ಅಡುಗೆಮನೆಯಲ್ಲಿ, ಅವರ ಮನೆಯ ಕಡೆಯ ಗೋಡೆಗೆ ಮುಖ ಮಾಡಿ, ಮೊದಲ ಮಾತನ್ನು ಹೇಳಿ ನೋಡಿದೆ. ಮಗಳ ಹೆಸರು ಹಿಡಿದೇ ಶುರು ಮಾಡಬೇಕೆಂದಿದ್ದೆ. ಬಾಯಿಗೆ ಬಂದದ್ದು ಮೂವತ್ತು ವರ್ಷ ಕರೆಯದೆ ಉಳಿಸಿಕೊಂಡ ಹೆಸರು.

ಆ ಗಂಟು ಬಿಚ್ಚಿದ್ದು ನಾನು, ಅಣ್ಣಾ.